ಕಾಂಚನಬುರಿಯಲ್ಲಿ ಮೂರು ದಿನ: ಎರಾವನ್, ಹುಲಿಗುಹೆ ದೇವಸ್ಥಾನ, ಲಾಯ್ ಕ್ರಥೋಂಗ್

ಕಾವೇರಿತೀರ (ಪ್ರಶ್ನೆ):
ನವೆಂಬರ್‌ನಲ್ಲಿ ಅಮ್ಮನ ಜೊತೆ ಬ್ಯಾಂಕಾಕಿಗೆ ಹೊರಟಿದೀನಿ, ಮೂರು ದಿನ ಕಾಂಚನಬುರಿಗೆ ಇಟ್ಟಿದೀವಿ. ಎರಾವನ್ ಜಲಪಾತ, ವಾಟ್ ಥಾಮ್ ಸುವಾ ಅನ್ನೋ ಹುಲಿಗುಹೆ ದೇವಸ್ಥಾನ, ಸಾಧ್ಯವಾದ್ರೆ ಸಂಖ್ಲಬುರಿಯ ಮರದ ಸೇತುವೆ ನೋಡೋ ಆಸೆ. ಅಮ್ಮನಿಗೆ 64, ಮಂಡಿನೋವಿದೆ, ಶುದ್ಧ ಸಸ್ಯಾಹಾರಿ. ಹುಲಿಗುಹೆಗೆ 1,200ಕ್ಕೂ ಹೆಚ್ಚು ಮೆಟ್ಟಿಲು ಅಂತ ಓದಿದೆ. ಬಿಟ್ಟುಬಿಡೋದಾ? ನೀರಲ್ಲಿ ದೀಪ ತೇಲಿಬಿಡೋ ಲಾಯ್ ಕ್ರಥೋಂಗ್ ಹಬ್ಬ ಸಿಗುತ್ತಾ?

ಗಿರಿಕಣಿವೆ:
ಬಿಡಬೇಡಿ, ಅದು ಬೇರೆ ದೇವಸ್ಥಾನ. 1,200 ಚಿಲ್ಲರೆ ಮೆಟ್ಟಿಲಿರೋದು ದಕ್ಷಿಣದ ಕ್ರಾಬಿಯಲ್ಲಿ, ಅದರ ಹೆಸರೂ ವಾಟ್ ಥಾಮ್ ಸುವಾ. ಕಾಂಚನಬುರಿಯದು ಊರಿಂದ ಸುಮಾರು 15 ಕಿ.ಮೀ. ದೂರ, ಥಾ ಮುವಾಂಗ್ ಕಡೆ. ಮೆಟ್ಟಿಲು 157 ಅಷ್ಟೇ. ಅದೂ ಬೇಡ ಅಂದ್ರೆ ಪಕ್ಕದಲ್ಲೇ ಹಳಿ ಮೇಲೆ ಎಳೆದೊಯ್ಯೋ ಪುಟ್ಟ ಗಾಡಿ ಇದೆ, ಕೆಲವೇ ಬಾತ್ (ಥಾಯ್ ಹಣ) ಕೊಟ್ರೆ ಸಾಕು. ಟ್ಯಾಕ್ಸಿಯವರಿಗೆ ಥಾ ಮುವಾಂಗ್ ಅಂತ ಸೇರಿಸಿ ಹೇಳಿ.

ಮೇಲೆ ದೊಡ್ಡ ಬುದ್ಧನ ಮುಂದೆ ಸಣ್ಣದೊಂದು ಬೆಲ್ಟ್ ಓಡ್ತಾ ಇರುತ್ತೆ. ಅದರ ಮೇಲೆ ಸಾಲಾಗಿ ಹೋಗೋ ಬಟ್ಟಲುಗಳಿಗೆ ನಾಣ್ಯ ಹಾಕಿದ್ರೆ, ಅದು ಮುಂದಕ್ಕೆ ಹೋಗಿ ಭಿಕ್ಷಾಪಾತ್ರೆಗೆ ಟಣ್ ಅಂತ ಬೀಳುತ್ತೆ. ಚಿಲ್ಲರೆ ಇಟ್ಕೊಂಡು ಹೋಗಿ. ಚಪ್ಪಲಿ ಬಿಡಬೇಕಾದ ಕಡೆ ಮಧ್ಯಾಹ್ನ ಕಾಲು ಸುಡುತ್ತೆ, ಬೆಳಿಗ್ಗೆಯೇ ವಾಸಿ. ಭುಜ, ಮಂಡಿ ಮುಚ್ಚೋ ಬಟ್ಟೆ ಇರಲಿ. ಅಲ್ಲೇ ಒತ್ತಿಗೆ ಚೀನೀ ಶೈಲಿಯ ಗೋಪುರದ ಇನ್ನೊಂದು ದೇವಸ್ಥಾನ ಕಾಣುತ್ತೆ. ಅದರ ಮೆಟ್ಟಿಲೇ ಬೇರೆ, ಅಮ್ಮನ್ನ ಅಲ್ಲಿಗೆ ಹತ್ತಿಸಬೇಡಿ.

ನೀರಹಾದಿ:
ಎರಾವನ್ ಅಂದ್ರೆ ನಮ್ಮ ಐರಾವತವೇ. ಥಾಯ್‌ಗಳ ಐರಾವತಕ್ಕೆ ಮೂರು ತಲೆ. ಜಲಪಾತ ಏಳು ಹಂತವಾಗಿ ಇಳಿಯುತ್ತೆ, ಮೇಲಿನ ಏಳನೇ ಹಂತದ ಬಂಡೆ ಹಾಗೇ ಕಾಣುತ್ತೆ ಅಂತ ಈ ಹೆಸರು. ಆದ್ರೆ ನಿಮಗೆ ಏಳನೇದು ಬೇಕಿಲ್ಲ. ಮೊದಲ ಮೂರು ಹಂತದ ದಾರಿ ಸಲೀಸು, ಅಮ್ಮ ನಿಧಾನಕ್ಕೆ ನಡೀಬಹುದು. ಬಾಗಿಲಿಂದ ಒಳಗೆ ಸ್ವಲ್ಪ ದೂರ ಬ್ಯಾಟರಿ ಗಾಡಿಯೂ ಸಿಗುತ್ತೆ. ನಾಲ್ಕರ ನಂತರ ಏರು ಜಾಸ್ತಿ. ಐದು ದಾಟಿದ್ಮೇಲೆ ಬೇರು, ಬಂಡೆ, ಕಡಿದಾದ ಮರದ ಮೆಟ್ಟಿಲು. ಹತ್ತೋದಕ್ಕಿಂತ ಇಳಿಯುವಾಗಲೇ ಮಂಡಿ ಕೈಕೊಡೋದು.

ನೀರು ತಿಳಿನೀಲಿ ಇರೋದು ಸುಣ್ಣಕಲ್ಲಿನಿಂದ. ನೀರಲ್ಲಿ ಕರಗಿದ ಸುಣ್ಣ ಬಂಡೆ ಮೇಲೆ ಮತ್ತೆ ಪದರಪದರವಾಗಿ ಕೂತು, ಅಂಚು ಕಟ್ಟಿದ ಬಟ್ಟಲಿನ ಹಾಗೆ ಕೊಳಗಳಾಗಿವೆ. ಜೋರು ಮಳೆಯಾದ್ರೆ ಅದೇ ನೀರು ಕೆಂಪಾಗುತ್ತೆ, ಮೇಲಿನ ಹಂತಗಳನ್ನ ಮುಚ್ಚೋದೂ ಉಂಟು. ನವೆಂಬರ್‌ಗೆ ಮಳೆ ಇಳಿದು, ನೀರಿನ್ನೂ ತುಂಬಿರುತ್ತೆ. ನೀವು ಸರಿಯಾದ ಹೊತ್ತಿಗೇ ಹೋಗ್ತಿದೀರಿ.

ಎರಡನೇ ಹಂತದ ಆಚೆಗೆ ತಿಂಡಿ ಒಯ್ಯೋಕೆ ಬಿಡಲ್ಲ. ಪ್ಲಾಸ್ಟಿಕ್ ಬಾಟಲಿಗೆ ಅಲ್ಲಿ 20 ಬಾತ್ ಠೇವಣಿ ಕಟ್ಟಿಸ್ಕೋತಾರೆ, ಬಾಟಲಿ ವಾಪಸ್ ತಂದು ತೋರಿಸಿದ್ರೆ ಹಣ ಕೊಡ್ತಾರೆ. ನೀರಿಗಿಳಿಯೋಕೆ ಲೈಫ್ ಜಾಕೆಟ್ ಬೇಕು, ಬಾಡಿಗೆಗೆ ಸಿಗುತ್ತೆ. ಕೊಳಕ್ಕೆ ಕಾಲಿಟ್ಟು ಸುಮ್ಮನೆ ನಿಂತ್ರೆ ಬೆರಳುದ್ದದ ಮೀನುಗಳು ಬಂದು ಹಿಮ್ಮಡಿ ಕಚ್ಚುತ್ವೆ. ನೋವಾಗಲ್ಲ, ಕಚಗುಳಿ ಅಷ್ಟೇ. ಅಮ್ಮನಿಗೆ ಮೊದಲೇ ಹೇಳಿಡಿ, ಗಾಬರಿಯಾಗಿ ಕಾಲು ಎಳ್ಕೊಂಡ್ರೆ ಜಾರಿ ಬೀಳೋದು.

ಊರಿಂದ 65 ಕಿ.ಮೀ., ಬಸ್ಸಲ್ಲಿ ಒಂದೂವರೆ ಗಂಟೆ. ಬಸ್‌ಸ್ಟ್ಯಾಂಡಲ್ಲಿ 8170 ನಂಬರ್ ಕೇಳಿ, ಬೆಳಿಗ್ಗೆ 8ರ ಹೊತ್ತಿನದನ್ನೇ ಹಿಡೀರಿ. ಮೇಲಿನ ಹಂತಗಳಿಂದ ಮಧ್ಯಾಹ್ನ 3ರ ಮೇಲೆ ಜನರನ್ನ ಕೆಳಗೆ ಕಳಿಸೋಕೆ ಶುರು ಮಾಡ್ತಾರೆ. ಇಳಿದ ತಕ್ಷಣ ವಾಪಸಿನ ಕೊನೇ ಬಸ್ಸಿನ ಹೊತ್ತು ಕಂಡಕ್ಟರ್ ಹತ್ರ ಖಚಿತ ಮಾಡ್ಕೊಳ್ಳಿ. ಅದು ತಪ್ಪಿದ್ರೆ ಟ್ಯಾಕ್ಸಿಗೆ ಕೇಳಿದಷ್ಟು ಕೊಡಬೇಕಾಗುತ್ತೆ. ಶನಿವಾರ, ಭಾನುವಾರ ಬೇಡ.

ಹಳಿಮೇಲೆ:
ಬ್ಯಾಂಕಾಕಿಂದ ರೈಲಲ್ಲೇ ಹೋಗಿ. ಆದ್ರೆ ದೊಡ್ಡ ಸ್ಟೇಷನ್ನಿಗೆ ಹೋಗಿ ರೈಲು ತಪ್ಪಿಸ್ಕೊಳ್ಳೋರೇ ಹೆಚ್ಚು. ಈ ರೈಲು ಹೊರಡೋದು ನದಿಯಾಚೆಯ ಥೊನ್‌ಬುರಿ ಸ್ಟೇಷನ್ನಿಂದ, ಬೆಳಿಗ್ಗೆ 8ಕ್ಕೆ ಸ್ವಲ್ಪ ಮುಂಚೆ. ವಿದೇಶಿಯರಿಗೆ 100 ಬಾತ್. ಕಾಂಚನಬುರಿ ದಾಟಿ ಕೊನೇ ಸ್ಟೇಷನ್ ನಾಮ್ ತೋಕ್ ತನಕ ಹೋಗೋದಾದ್ರೆ ಎಡಗಡೆ ಕಿಟಕಿ ಹಿಡೀರಿ. ಥಾಮ್ ಕ್ರಸೇ ಹತ್ತಿರ ಬಂಡೆಗೆ ಅಂಟಿಕೊಂಡ ಮರದ ಸೇತುವೆ ಮೇಲೆ ರೈಲು ತೆವಳುತ್ತೆ, ಕೆಳಗೆ ನದಿ. ನಾಮ್ ತೋಕ್‌ನಿಂದ ಒಂದೆರಡು ಕಿ.ಮೀ. ಹೋದ್ರೆ ಸಾಯ್ ಯೋಕ್ ನೋಯ್ ಜಲಪಾತ, ರಸ್ತೆ ಪಕ್ಕದಲ್ಲೇ. ಅಮ್ಮನಿಗೆ ಎರಾವನ್‌ಗಿಂತ ಇದೇ ಸುಲಭ. ಬೇಸಿಗೆಯಲ್ಲಿ ಮಾತ್ರ ಒಣಗಿರುತ್ತೆ.

ಕಾವೇರಿತೀರ:
ಎಲ್ಲರಿಗೂ ಧನ್ಯವಾದ. ಹಾಗಾದ್ರೆ ಸಂಖ್ಲಬುರಿಗೆ ಒಂದು ದಿನ ಮಿಗಿಸಬಹುದಾ?

ಗಿರಿಕಣಿವೆ:
ಬೇಡ. 200 ಕಿ.ಮೀ.ಗೂ ಹೆಚ್ಚು, ಕೊನೆಯ ಭಾಗ ತಿರುವಿನ ರಸ್ತೆ, ಹೋಗೋಕೇ ನಾಲ್ಕು ಗಂಟೆ. ಹೋಗಿ ಬಂದ್ರೆ ದಿನವೆಲ್ಲ ವ್ಯಾನಲ್ಲೇ. ಕಡಿಮೆ ಅಂದ್ರೂ ಒಂದು ರಾತ್ರಿ ಉಳೀಬೇಕು, ಯಾಕಂದ್ರೆ ಆ ಸೇತುವೆ ನೋಡೋ ಹೊತ್ತು ಬೆಳಗಿನ ಜಾವ, ಮಂಜು ಇರುವಾಗ, ಭಿಕ್ಷುಗಳು ಭಿಕ್ಷೆಗೆ ಬರೋ ಸಮಯ. ಇನ್ನೊಂದು ಸಲ ಏಪ್ರಿಲ್‌ನಲ್ಲಿ ಹೋಗಿ. ಆಗ ಸೊಂಗ್‌ಕ್ರಾನ್ ಹಬ್ಬ, ಅಂದ್ರೆ ಸಂಕ್ರಾಂತಿ, ಮೇಷ ಸಂಕ್ರಮಣದ ಹೊಸವರ್ಷ. ಬೇರೆ ಊರಲ್ಲಿ ಪಿಚಕಾರಿ ಗದ್ದಲ, ಸಂಖ್ಲಬುರಿಯಲ್ಲಿರೋ ಬರ್ಮಾ ಮೂಲದ ಮೋನ್ ಜನ ಮಾತ್ರ ಸೀಳಿದ ಬಿದಿರನ್ನ ದಬ್ಬೆಯಂತೆ ಜೋಡಿಸಿ, ಅದರಲ್ಲಿ ನೀರು ಹರಿಸಿ ಭಿಕ್ಷುಗಳಿಗೆ ಸ್ನಾನ ಮಾಡಿಸ್ತಾರೆ. ಗಂಡಸರು ನೆಲದ ಮೇಲೆ ಸಾಲಾಗಿ ಬೋರಲು ಮಲಗ್ತಾರೆ, ಭಿಕ್ಷುಗಳು ಅವರ ಬೆನ್ನ ಮೇಲೆ ನಡೆದು ಬರ್ತಾರೆ. ಅಲ್ಲಿನ ಚೈತ್ಯ ಬೋಧಗಯಾದ ಮಾದರಿಯಲ್ಲೇ ಕಟ್ಟಿದ್ದು.

ನೀರಹಾದಿ:
ಲಾಯ್ ಕ್ರಥೋಂಗ್ ಥಾಯ್ ಪಂಚಾಂಗದ ಹನ್ನೆರಡನೇ ತಿಂಗಳ ಹುಣ್ಣಿಮೆಗೆ, ಸಾಮಾನ್ಯವಾಗಿ ನಮ್ಮ ಕಾರ್ತಿಕ ಹುಣ್ಣಿಮೆ ದಿನವೇ. ಮನೆ ಕ್ಯಾಲೆಂಡರ್ ನೋಡಿ ಟಿಕೆಟ್ ಮಾಡಿ. ತೇಲಿಬಿಡೋ ಕ್ರಥೋಂಗ್ ಅಂದ್ರೆ, ಬಾಳೆದಿಂಡಿನ ಬಿಲ್ಲೆಗೆ ಮಡಿಸಿದ ಬಾಳೆಲೆ ಸುತ್ತಿ ಹೂವು, ಊದುಬತ್ತಿ, ಮೇಣದಬತ್ತಿ ಚುಚ್ಚಿರ್ತಾರೆ. ಥರ್ಮೋಕೋಲ್‌ದು ಕೊಟ್ರೆ ಬೇಡ ಅನ್ನಿ, ಅದು ಹೊಳೆಯಲ್ಲಿ ಕೊಳೆಯಲ್ಲ. ಕಾಂಚನಬುರಿ ಊರಲ್ಲೇ ಇರೋ, ಎರಡನೇ ಮಹಾಯುದ್ಧದ ಕಾಲದ ಕ್ವಾಯ್ ರೈಲು ಸೇತುವೆಯ ಉತ್ಸವ ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರದ ಆಸುಪಾಸು. ಆಗ ಬಂದ್ರೆ ಸೇತುವೆ ಹತ್ತಿರದ ರೂಮು ಮುಂಚೆಯೇ ಹಿಡಿದಿಡಿ.

ಊಟಕ್ಕೆ ಸುಮ್ಮನೆ ವೆಜ್ ಅಂದ್ರೆ ಸಾಲದು, ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಹಾಕ್ತಾರೆ. "ಕಿನ್ ಜೇ" ಅನ್ನಿ, ಅಂದ್ರೆ ಶುದ್ಧ ಸಸ್ಯಾಹಾರ ತಿನ್ನೋರು ಅಂತ. ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇರೋ ಅಂಗಡಿ ಹುಡುಕಿ, ಅಲ್ಲಿ ಮೊಟ್ಟೆ, ಹಾಲು, ಬೆಳ್ಳುಳ್ಳಿ ಯಾವುದೂ ಇರಲ್ಲ. ಎರಾವನ್ ದಿನಕ್ಕೆ ಚಪಾತಿ, ಚಟ್ನಿಪುಡಿ ಕಟ್ಕೊಂಡು ಹೋಗಿ, ಎರಡನೇ ಹಂತದ ಕೆಳಗೇ ತಿಂದು ಮುಗಿಸಿ.