ಹೊಗೆಸೊಪ್ಪಿನ ಡಬ್ಬಿಗೆ ಯಾವ ನೀರು? ಅನುಭವ ಹೇಳಿ

ಶಿರಸಿ: ಕವಳದ (ಎಲೆ-ಅಡಿಕೆಯ) ಹೊಗೆಸೊಪ್ಪು ಗಾಜಿನ ಡಬ್ಬಿಯಲ್ಲಿದೆ. ಚಳಿಗಾಲದ ಒಣಹವೆಗೆ ಪುಡಿಯಾಗುತ್ತಿದೆ. ಒಳಗೆ ಒದ್ದೆ ಸ್ಪಂಜು ಇಡಬೇಕು. ಬಾವಿ ನೀರು ಸಾಕೋ, ಡಿಸ್ಟಿಲ್ಡ್ (ಆವಿ ಹಿಡಿದು ತಣಿಸಿದ) ನೀರೇ ಬೇಕೋ?

ಕಾರವಾರ: ಡಿಸ್ಟಿಲ್ಡ್ ಬಿಟ್ಟು ಬೇರೆ ಮಾತೇ ಬೇಡ. ನನ್ನದು ಸಿಗಾರ್ ಪೆಟ್ಟಿಗೆ. ಪೆಟ್ಟಿಗೆಗೆ 6,500, ತೇವ ತೋರಿಸುವ ಮೀಟರಿಗೆ 900, ಗೋವಾದಿಂದ ತಂದ ಸಿಗಾರ್ ಖರ್ಚು ಬೇರೆ. ಮಾರಿದವನು ‘ಕಾಯಿಸಿ ಆರಿಸಿದ ನೀರು ಸಾಕು’ ಅಂದಿದ್ದ. ಬೇಸಿಗೆಯಲ್ಲಿ ನಮ್ಮ ಬಾವಿ ನೀರು ಸವಳು. ಕಾಯಿಸಿದರೆ ಉಪ್ಪು ಹೋಗುತ್ತದಾ? ನೀರು ಆವಿಯಾಗಿ ಉಪ್ಪು ಇನ್ನೂ ಜಾಸ್ತಿಯಾಗುತ್ತದೆ. ಸ್ಪಂಜಿನ ತೂತೆಲ್ಲ ಕಟ್ಟಿ ಕಲ್ಲಾಯಿತು. 400 ರೂಪಾಯಿಯ ಸ್ಪಂಜು ಕಸಕ್ಕೆ ಹೋಯಿತು. ಸಿಗಾರಿನ ಮೇಲಿನ ಎಲೆ ಬಿರಿದದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಈಗ ಡಿಸ್ಟಿಲ್ಡ್ ನೀರಿಗೆ ಸಮಪಾಲು ಪ್ರೊಪಿಲೀನ್ ಗ್ಲೈಕಾಲ್ (ತೇವ ಹಿಡಿದಿಡುವ ದ್ರವ) ಬೆರೆಸುತ್ತೇನೆ. ಮೀಟರ್ ಶೇ. 70ರ ಹತ್ತಿರ ನಿಲ್ಲುತ್ತದೆ.

ಯಲ್ಲಾಪುರ: ಅಷ್ಟೆಲ್ಲ ಯಾಕೆ ಮಾರಾಯರೇ? ಇನ್ವರ್ಟರಿಗೆ ತರುವ ಬ್ಯಾಟರಿ ನೀರನ್ನೇ ಸ್ಪಂಜಿಗೆ ಹಾಕುತ್ತೇನೆ. ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ. ಬಿಳಿ ಪಂಚೆಯೇ ಕೆಂಪಾಗುತ್ತದೆ, ಇನ್ನು ಸ್ಪಂಜು ಉಳಿಯುತ್ತದಾ? ಬ್ಯಾಟರಿ ನೀರು ಹಾಕಿದ ಮೇಲೆ ಒಂದು ಕಲೆಯೂ ಇಲ್ಲ.

ಕುಮಟಾ: ಬಾಯಿಗೆ ಹಾಕುವ ಸೊಪ್ಪಿಗೆ ಬ್ಯಾಟರಿ ನೀರಾ? ಅದನ್ನು ತಿನ್ನುವ ವಸ್ತುವಿಗೆ ಅಂತ ಮಾಡಿರುವುದಿಲ್ಲ. ಸುಮ್ನೆ ಯಾರಿಗೋ ಹೇಳಿ ಕೆಡಿಸಬೇಡಿ.

ಯಲ್ಲಾಪುರ: ಸೊಪ್ಪಿಗೆ ಚಿಮುಕಿಸಿ ಅಂತ ನಾನೆಲ್ಲಿ ಹೇಳಿದೆ? ಸ್ಪಂಜಿಗೆ ಅಂದೆ. ಓದಿ ಬೈಯಿರಿ.

ಕುಮಟಾ: ಡಬ್ಬಿ ಮಗುಚಿ ಸ್ಪಂಜು ಸೊಪ್ಪಿನ ಮೇಲೆ ಬಿದ್ದರೆ? ಮನೆಯಲ್ಲಿ ಮಕ್ಕಳಿದ್ದಾರೆ ಅಲ್ವಾ? ಇನ್ನೊಂದು ಮಾತು. ಜೂನ್ ಬಂದರೆ ನಮ್ಮಲ್ಲಿ ಯಾವ ನೀರೂ ಬೇಡ. ಹೋದ ಮಳೆಗಾಲ ತಮ್ಮ ಸ್ಪಂಜು ತೆಗೆಯದೆ ಬಿಟ್ಟ. 1,200 ರೂಪಾಯಿಯ ಸೊಪ್ಪಿಗೆ ಬೂಸ್ಟು ಬಂತು. ಒರೆಸಿದರೂ ವಾಸನೆ ಹೋಗಲಿಲ್ಲ, ಎಲ್ಲ ಗೊಬ್ಬರದ ಗುಂಡಿಗೆ. ಅವನ ಜೊತೆ ಆ ವಿಷಯ ಇನ್ನೂ ಮುಗಿದಿಲ್ಲ.

ಸಿದ್ದಾಪುರ: ಕವಳಕ್ಕೆ ಮೀಟರ್, ಗ್ಲೈಕಾಲ್! ನಮ್ಮ ಅಜ್ಜ ಬಾಳೆ ಎಲೆಯಲ್ಲಿ ಸುತ್ತಿಡುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ಖರ್ಚು ಸೊನ್ನೆ. ಸಿಗಾರಿನವರಿಗೆ ಕವಳದ ಸೊಪ್ಪು ಏನು ಗೊತ್ತು?

ಕಾರವಾರ: ನಮ್ಮ ಮನೆಯಲ್ಲೂ ಕವಳ ಹಾಕುತ್ತಾರೆ. ಘಟ್ಟದ ಮೇಲಿನವರಿಗೆ ಮಾತ್ರ ಗೊತ್ತು ಅನ್ನಬೇಡಿ. ಬಾಳೆ ಎಲೆ ಕೊಳೆತರೆ ಸೊಪ್ಪಿಗೂ ಬೂಸ್ಟು. ಮೀಟರ್ ಬೇಡ ಅನ್ನುವವರು ತೇವ ಎಷ್ಟಿದೆ ಅಂತ ಹೇಗೆ ತಿಳಿಯುತ್ತೀರಿ? ಬಾಟಲಿ ಮುಚ್ಚಳದಲ್ಲಿ ಉಪ್ಪನ್ನು ಗಂಜಿಯಷ್ಟು ಒದ್ದೆ ಮಾಡಿ, ಮೀಟರ್ ಜೊತೆ ಡಬ್ಬಿಯಲ್ಲಿ ಮುಚ್ಚಿ ಒಂದು ದಿನ ಇಡಿ. ಶೇ. 75 ತೋರಿಸಬೇಕು. ತೋರಿಸದಿದ್ದರೆ ಮೀಟರ್ ಸರಿಯಿಲ್ಲ.

ಸಿದ್ದಾಪುರ: ಬೆರಳಲ್ಲಿ ಮಡಚಿ ನೋಡುತ್ತೇನೆ. ಮುರಿಯಬಾರದು, ಅಂಟಬಾರದು. ಇದಕ್ಕೆ 900 ರೂಪಾಯಿ ನಾನು ಕೊಡುವುದಿಲ್ಲ.