ಪದಚರ್ಚೆ: ಚೀನಿ ವೈದ್ಯದ "ಬೀ"ಗೆ ಸಂಧಿವಾತ ಅನ್ನಬಹುದಾ, "ಹಿಡಿತ" ಸರಿನಾ?

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಮ್ಮ ಸಿಂಗಪುರದಲ್ಲಿ ಮಗನ ಮನೆಗೆ ಹೋಗಿದ್ದಾರೆ, ಸೊಂಟದ ಕೀಲುನೋವು ಜಾಸ್ತಿಯಾಗಿ ಅಲ್ಲೇ ಒಬ್ಬ ಚೀನಿ ವೈದ್ಯರಿಗೆ ತೋರಿಸಿದ್ರು, ಅವರು ಇಂಗ್ಲಿಷಲ್ಲಿ ಬರೆದುಕೊಟ್ಟ ಚೀಟೀನ ನಾನು ಕನ್ನಡಕ್ಕೆ ಮಾಡಿ ವಾಟ್ಸಾಪ್‌ನಲ್ಲಿ ಕಳಿಸ್ದೆ. ಅದರಲ್ಲಿ ಕಿಡ್ನಿ ವೀಕ್ ಅನ್ನೋ ಹಾಗೆ ಇತ್ತು, ನಾನು "ಮೂತ್ರಪಿಂಡದ ದುರ್ಬಲತೆ" ಅಂತ ಹಾಕ್ಬಿಟ್ಟೆ. ಪಾಪ, ಅವರಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ, ಡಯಾಲಿಸಿಸ್ ಮಾಡಿಸ್ಬೇಕೇನೋ ಅಂತ ಹೆದರಿ ಬೆಳಗಾಗ್ತಿದ್ದ ಹಾಗೇ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿದ್ರು, ಎಲ್ಲ ನಾರ್ಮಲ್. ನನಗೆ ತುಂಬಾ ಬೇಜಾರಾಯ್ತು, ಒಂದು ಪದ ತಪ್ಪಾದ್ರೆ ಇಷ್ಟು ಸಂಕಟ.

ಆ ವೈದ್ಯರು ಹೇಳಿದ್ದು "ಶೆನ್". ಅವರ ಶಾಸ್ತ್ರದಲ್ಲಿ ಶೆನ್ ಅಂದ್ರೆ ಬರೀ ಮೂತ್ರ ಸೋಸೋ ಅಂಗ ಅಲ್ಲ, ಮೂಳೆ, ಬೆಳವಣಿಗೆ, ಮುಪ್ಪು, ಸಂತಾನಶಕ್ತಿ ಎಲ್ಲ ಅದರ ಲೆಕ್ಕಕ್ಕೇ ಬರುತ್ತೆ. ಚೀನಿ ವೈದ್ಯಕ್ಕೆ ಮೂಲವಾದ, ಸುಮಾರು 2000 ವರ್ಷ ಹಳೆಯ ಹ್ವಾಂಗ್‌ದಿ ನೇಚಿಂಗ್ ಗ್ರಂಥದಲ್ಲಿ ಸೊಂಟವೇ ಶೆನ್‌ನ ಮನೆ ಅನ್ನೋ ಮಾತಿದೆ, ಅದಕ್ಕೇ ಹಳೇ ಸೊಂಟನೋವಿಗೆ ಅವರು ಮೊದಲು ಶೆನ್ ನೋಡೋದು. ಇದನ್ನ ಇನ್ಮೇಲೆ "ಶೆನ್" ಅಂತಲೇ ಉಳಿಸ್ಕೊಳ್ತೀನಿ, ಅದರಲ್ಲಿ ಅನುಮಾನ ಇಲ್ಲ.

ಕಷ್ಟ ಇರೋದು "ಬೀ" ಅನ್ನೋ ಪದದ್ದು. ಗಾಳಿ, ಚಳಿ, ತೇವ ಮೂರೂ ಸೇರಿ ಮೈಯೊಳಗೆ ಹೊಕ್ಕು ರಕ್ತ, ಪ್ರಾಣಶಕ್ತಿಯ ಹರಿವನ್ನ ಕಟ್ಟಿಹಾಕಿದ್ರೆ ಅದು ಬೀ ಅಂತ ಅದೇ ಗ್ರಂಥ ಹೇಳುತ್ತೆ. ಗಾಳಿ ಮೇಲಾದ್ರೆ ನೋವು ಅಲ್ಲಿಂದಿಲ್ಲಿಗೆ ಓಡಾಡುತ್ತೆ, ಚಳಿ ಮೇಲಾದ್ರೆ ಒಂದೇ ಕಡೆ ನಿಂತು ಚುಚ್ಚುತ್ತೆ, ತೇವ ಮೇಲಾದ್ರೆ ಭಾರ. ಇದಕ್ಕೆ ಸಂಧಿವಾತ ಅಂದ್ರೆ ನಮ್ಮ ಆಯುರ್ವೇದದ ವಾತ ಬಂದು ಕೂತ್ಕೊಳ್ಳುತ್ತೆ, ಆ ವಾತ ಮೈಯೊಳಗಿನ ದೋಷ, ಈ ಗಾಳಿ ಹೊರಗಿಂದ ಬಂದಿದ್ದು, ಎರಡೂ ಒಂದಲ್ಲ. ಮೇಲಾಗಿ ಬೀ ಅನ್ನೋದ್ರಲ್ಲಿ ಮುಖ್ಯ ಇರೋದು ತಡೆ.

ಇಲ್ಲೇ ನನಗೆ ನಮ್ಮ ಮನೆಮಾತು ನೆನಪಾಯ್ತು. ಮೈಸೂರು ಕಡೆ "ಸೊಂಟ ಹಿಡ್ಕೊಂಡ್ಬಿಟ್ಟಿದೆ" ಅಂತೀವಿ, ಧಾರವಾಡದ ಕಡೆ "ಟೊಂಕ ಹಿಡದೈತಿ" ಅಂತಾರೆ. ದೊಡ್ಡಮ್ಮನೂ ಫೋನಲ್ಲಿ ಹೇಳಿದ್ದು ಇದನ್ನೇ, "ಬಗ್ಗಿದ್ರೆ ಏಳಕ್ಕಾಗಲ್ಲ ಕಣೋ, ಯಾರೋ ಹಿಂದಿಂದ ಹಿಡಿದ ಹಾಗೆ". ಇದಕ್ಕಿಂತ ಹತ್ತಿರದ ಮಾತು ಬೇಕಾ? ಆದ್ರೆ ಬರೀ "ಹಿಡಿತ" ಅಂತ ಬರೆದ್ರೆ ಈಗಿನವರು ಕಂಟ್ರೋಲ್ ಅಂತ ಓದ್ತಾರೆ, "ಉಳುಕು" ಅಂದ್ರೆ ಎಡವಿ ಆಗಿದ್ದು ಮಾತ್ರ, "ಮರಗಟ್ಟೋದು" ಅಂದ್ರೆ ಸ್ಪರ್ಶ ಹೋಗಿದ್ದು, ಅದೂ ಬೀಯ ಒಂದು ಅರ್ಥ ಹೌದು ಆದ್ರೆ ಪೂರ್ತಿ ಅಲ್ಲ.

ಚೀನಿಯರಲ್ಲಿ ಒಂದು ಮಾತಿದೆ, "ಬು ಥೊಂಗ್ ತ್ಸೆ ಥೊಂಗ್". ಹರಿವಿಗೂ ನೋವಿಗೂ ಒಂದೇ ಉಚ್ಚಾರ, ಸ್ವರದ ಏರಿಳಿತ ಮಾತ್ರ ಬೇರೆ, ಹರಿಯದಿದ್ರೆ ನೋವು ಅಂತ ಅರ್ಥ. ನಾನು ಇದಕ್ಕೆ "ತಡೆಯಿದ್ದರೆ ತಡೆಯಲಾರದ ನೋವು" ಅಂತ ಮಾಡಿದೀನಿ, ಹೇಗಿದೆ ಹೇಳಿ.

ಮಿಕ್ಕಿದ್ದು ಸುಲಭಕ್ಕೆ ಸಿಕ್ತು. 7ನೇ ಶತಮಾನದ ಚೀನಿ ವೈದ್ಯ ಸುನ್ ಸಿಮಿಯಾವೊ ಅವರ ಹೆಸರಲ್ಲಿರೋ 15 ಮೂಲಿಕೆಯ ಕಷಾಯ ಸೊಂಟದ ಬೀಗೆ ಇವತ್ತಿಗೂ ಕೊಡ್ತಾರೆ, ಅದರಲ್ಲಿ ಹಿಪ್ಪುನೇರಳೆ ಮರದ ಬಂದಳಿಕೆ ಇದೆ, ನಮ್ಮ ಉತ್ತರಾಣಿಯ ಹತ್ತಿರದ ನೆಂಟನೂ ಇದೆ. ಸೂಜಿ ಚುಚ್ಚೋ ಜಾಗ ಅಳೆಯೋ "ತ್ಸುನ್" ಅಂದ್ರೆ ರೋಗಿಯದ್ದೇ ಹೆಬ್ಬೆರಳಿನ ಗೆಣ್ಣಿನ ಅಗಲ, ಅದಕ್ಕೆ ನಮ್ಮ ಅಂಗುಲ ಇದ್ದೇ ಇದೆ.

ಬೀಗೆ "ಸೊಂಟಹಿಡಿ" ಅಂತ ಜೋಡಿಸಿದ್ರೆ ಕಿವಿಗೆ ಒಗ್ಗುತ್ತಾ? ಮಲೆನಾಡು, ಕರಾವಳಿ ಕಡೆಯವರು ಒಂದು ಹೇಳಿ, ಮಳೆಗಾಲದಲ್ಲಿ ಸೊಂಟ ಕಲ್ಲಿನ ಹಾಗೆ ಭಾರ ಆಗಿ ಕೂತರೆ ನಿಮ್ಮ ಮನೆ ಹಿರಿಯರು ಅದಕ್ಕೆ ಏನಂತಾರೆ?