1770ರ ಉಡುಗೆಗೆ ಗಾರ್ಟರ್: ಎಲಾಸ್ಟಿಕ್ ಹಾಕಬೇಕೆ?

ರಂಗಸಜ್ಜು: 1770ರ ದಶಕದ ಇಂಗ್ಲೆಂಡಿನ ಹೆಣ್ಣುಡುಗೆ, ಆರು ಜನಕ್ಕೆ. ಹತ್ತಿಯ ಉದ್ದ ಕಾಲುಚೀಲ ಮಂಡಿ ದಾಟಿ ನಾಲ್ಕು ಬೆರಳು ಮೇಲಕ್ಕೆ ಬರುತ್ತದೆ. ಅದು ಜಾರದಂತೆ ಕಟ್ಟುವ ಪಟ್ಟಿಯಾಗಿ, ಅಂದರೆ ಗಾರ್ಟರ್ ಆಗಿ, ಮಂಡಿಯ ಮೇಲೆ ಸ್ಯಾಟಿನ್ ರಿಬ್ಬನ್ ಕಟ್ಟಿದರೆ ಒಂದು ದೃಶ್ಯ ಮುಗಿಯುವುದರೊಳಗೆ ಜಾರುತ್ತದೆ. ಒಳಗೆ ಎಲಾಸ್ಟಿಕ್ ಇಟ್ಟು ಹೊಲಿದರೆ ಲಂಗದ ಕೆಳಗೆ ಯಾರಿಗೆ ಕಾಣುತ್ತದೆ?

ಹಾಸುಹೊಕ್ಕು: ಕಾಣುವುದು ಬಿಡುವುದು ಆಮೇಲಿನ ಮಾತು. ಬಟ್ಟೆಗೆ ರಬ್ಬರ್ ಜೋಡಿಸಿ ಹಿಗ್ಗುವಂತೆ ಮಾಡಲು ಥಾಮಸ್ ಹ್ಯಾನ್‌ಕಾಕ್ ಪೇಟೆಂಟ್ ಪಡೆದದ್ದೇ 1820ರಲ್ಲಿ. ನಿಮ್ಮ ತೊಂದರೆ ಇರುವುದು ಸ್ಯಾಟಿನ್‌ನಲ್ಲಿ, ಅದರಲ್ಲೂ ಪಾಲಿಯೆಸ್ಟರ್ ಆದರೆ ಗಂಟೂ ನಿಲ್ಲುವುದಿಲ್ಲ. ಉಣ್ಣೆ ನೂಲಿನ ಲಾಡಿ ನೇಯಿರಿ. ಹಾಸು, ಅಂದರೆ ಉದ್ದಕ್ಕೆ ಹಾಯುವ ನೂಲು, ಮಾತ್ರ ಮೇಲೆ ಕಾಣುವ ದಟ್ಟ ನೇಯ್ಗೆ, ಎರಡೂವರೆ ಸೆಂ.ಮೀ. ಅಗಲ. ಒಂದೂವರೆ ಸೆಂ.ಮೀ.ಗಿಂತ ಕಿರಿದಾದರೆ ಚರ್ಮಕ್ಕೆ ಕೊರೆಯುತ್ತದೆ, ನಾಲ್ಕು ದಾಟಿದರೆ ಮಂಡಿ ಮಡಿಸಿದಾಗ ಹಗ್ಗದಂತೆ ಸುರುಳಿಯಾಗುತ್ತದೆ. ಉದ್ದಕ್ಕೆ ಲೆಕ್ಕ ಹೀಗೆ: ಕಾಲುಚೀಲದ ಮೇಲೆ ಸುತ್ತಳತೆ 34 ಸೆಂ.ಮೀ. ಇದ್ದರೆ ಎರಡು ಸುತ್ತಿಗೆ 68, ಗಂಟಿಗೂ ಕುಣಿಕೆಗೂ 40 ಸೇರಿ ಸುಮಾರು 110. ಮಗ್ಗಕ್ಕೆ ಹಾಸು ಏರಿಸುವಾಗ 150 ಇಡಿ. ನೇಯುವಾಗ ಕುಗ್ಗುತ್ತದೆ, ಕೊನೆಯ ತುಂಡು ಹೇಗೂ ಹೋಗುತ್ತದೆ.

ಕಸೂತಿಪ್ರಿಯೆ: ಉಣ್ಣೆ ಲಾಡಿ ಒಂದೇ ಆ ಕಾಲದ್ದು ಎಂಬಂತೆ ಬರೆಯಬೇಡಿ. ಉಳ್ಳವರು ರೇಷ್ಮೆಯನ್ನೇ ಕಟ್ಟುತ್ತಿದ್ದರು. ಪ್ರೇಮದ ಮಾತು ಕಸೂತಿ ಹಾಕಿದ 18ನೇ ಶತಮಾನದ ರೇಷ್ಮೆ ಜೋಡಿಗಳು ಸಂಗ್ರಹಾಲಯಗಳಲ್ಲಿವೆ. ಪಾತ್ರ ಸಿರಿವಂತೆಯಾದರೆ ಟಫೆಟಾ ಎಂಬ ಗರಿಗರಿ ರೇಷ್ಮೆ ತೆಗೆದುಕೊಳ್ಳಿ, ಅದು ಸ್ಯಾಟಿನ್‌ನಷ್ಟು ಜಾರುವುದಿಲ್ಲ. ಕತ್ತರಿಸುವ ಮೊದಲೇ ಚೌಕಟ್ಟಿಗೆ ಬಿಗಿದು ಕಸೂತಿ ಮುಗಿಸಿ, ಆಮೇಲೆ ಹಿಂದೆ ಲಿನನ್ ಕೊಟ್ಟು ಅಂಚು ಮಡಿಸಿ ಹೊಲಿಯಿರಿ. ಲಿನನ್ ಇಲ್ಲದಿದ್ದರೆ ಎಳೆತವೆಲ್ಲ ಕಸೂತಿಯ ಮೇಲೆ ಬಿದ್ದು ರೇಷ್ಮೆ ಸೀಳುತ್ತದೆ. ಅಂಗಡಿಯವರು ರೇಷ್ಮೆ ಎಂದರೆ ಒಂದೆಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಿನಲ್ಲಿ ಪುಡಿಯಾಗಬೇಕು. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ತಂತಿಸುರುಳಿ: ಹಿಗ್ಗಲೇಬೇಕು ಎಂದರೆ ಆ ಶತಮಾನದ ಕೊನೆಯ ಭಾಗದ ದಾರಿಯೇ ಇದೆ, ಸ್ಪ್ರಿಂಗ್ ಗಾರ್ಟರ್. ಹಿತ್ತಾಳೆ ತಂತಿಯ ಸಣ್ಣ ಸುರುಳಿಗಳನ್ನು ಬಟ್ಟೆಯ ಕಿರುಗಾಲುವೆಗಳಲ್ಲಿ ಸಾಲಾಗಿ ಕೂರಿಸುವುದು. 0.3 ಮಿ.ಮೀ. ತಂತಿಯನ್ನು 2 ಮಿ.ಮೀ. ಕಡ್ಡಿಗೆ ಸುತ್ತಿಗೆ ಸುತ್ತು ತಾಗುವಂತೆ ಸುತ್ತಿ. ಐದಾರು ಸಾಲು, ಒಂದೊಂದೂ 10 ಸೆಂ.ಮೀ. ಬಟ್ಟೆ 15 ಇರಲಿ, ನೆರಿಗೆಯಾಗಿ ಕೂರುತ್ತದೆ. ಎಳೆದಾಗ ಬಟ್ಟೆ ಮೊದಲು ಬಿಗಿಯಾಗಿ ತಡೆಯಬೇಕು. ತಡೆಯದಿದ್ದರೆ ಸುರುಳಿ ಮಿತಿ ಮೀರಿ ಹಿಗ್ಗಿ ಮತ್ತೆ ಕೂಡಿಕೊಳ್ಳುವುದೇ ಇಲ್ಲ. ಹಿತ್ತಾಳೆ ಬೆವರಿಗೆ ಕಿಲುಬು ಹಿಡಿಯುತ್ತದೆ, ಬಿಳಿ ರೇಷ್ಮೆಯ ಮೇಲೆ ಹಸಿರು ಕಲೆ. ಪ್ರದರ್ಶನ ಮುಗಿದ ಕೂಡಲೇ ಗಾಳಿಗೆ ಹಾಕಿ.

ಹಾಸುಹೊಕ್ಕು: ಆರು ಜನಕ್ಕೆ, ಅಂದರೆ ಹನ್ನೆರಡು ಕಾಲಿಗೆ ಆ ಕೆಲಸ ಮಾಡಿಸಬೇಡಿ ಮಾರಾಯ್ರೆ! ಕಟ್ಟುವ ಜಾಗ ಬದಲಿಸಿದರೆ ಸಾಕು. ತೊಡೆ ಮೇಲಿನಿಂದ ಕೆಳಕ್ಕೆ ಸಪೂರವಾಗುತ್ತದೆ, ಅಲ್ಲಿ ಕಟ್ಟಿದ್ದು ಇಳಿಯುವುದು ಸಹಜ. ಮಂಡಿಯ ಕೆಳಗಿನ ತಗ್ಗಿನಲ್ಲಿ ಕಟ್ಟಿ, ಮೀನಖಂಡದ ಉಬ್ಬೇ ಆಧಾರ.

ಕಸೂತಿಪ್ರಿಯೆ: ಮಂಡಿಯ ಮೇಲೆ ಕಟ್ಟುವುದೂ ರೂಢಿಯಲ್ಲಿತ್ತು. ಆದರೆ ಕುಣಿಯುವ ಪಾತ್ರಕ್ಕೆ ಕೆಳಗೇ ಸರಿ, ಒಪ್ಪುತ್ತೇನೆ.

ರಂಗಸಜ್ಜು: ಸರಿ, ಉಣ್ಣೆ ಲಾಡಿ, ಮಂಡಿಯ ಕೆಳಗೆ. ಗಂಟು ಎಲ್ಲಿ? ಹೊರಬದಿಯಲ್ಲೇ?

ತಂತಿಸುರುಳಿ: ನೇರ ಹೊರಬದಿಗೆ ಬೇಡ. ಮಂಡಿಯ ಕೆಳಗೆ ಹೊರಗಡೆ ಕೈಗೆ ಸಿಗುವ ಎಲುಬಿನ ಗುಬಟಿನ ಪಕ್ಕದಲ್ಲೇ ನರ ಹಾಯುತ್ತದೆ. ಗಂಟು ಅದನ್ನು ಒತ್ತಿದರೆ ಪಾದ ಜೋಮು ಹಿಡಿಯುತ್ತದೆ. ಒಳಬದಿಗಿದ್ದರೆ ಎರಡು ಗಂಟೂ ಒಂದಕ್ಕೊಂದು ಉಜ್ಜಿ ಬಿಚ್ಚಿಕೊಳ್ಳುತ್ತವೆ. ಲಾಡಿಯ ನಡುಭಾಗ ಮುಂದೆ ಇಟ್ಟು ಹಿಂದೆ ಅಡ್ಡ ಹಾಯಿಸಿ, ಮುಂದಕ್ಕೆ ತಂದು ಮುಂಭಾಗದಲ್ಲಿ ತುಸು ಓರೆಯಾಗಿ ಕುಣಿಕೆ ಹಾಕಿ.

ಹಾಸುಹೊಕ್ಕು: ಅದಾದ ಮೇಲೆ ಕಾಲುಚೀಲದ ಮೇಲಂಚನ್ನು ಲಾಡಿಯ ಮೇಲೆ ಒಮ್ಮೆ ಮಡಿಸಿ. ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂತು ಎದ್ದು ನೋಡಲಿ. ಕೆಳಗೆ ಬೆರಳು ತೂರಿಸಲು ಆಗದಿದ್ದರೆ ಬಿಗಿ ಹೆಚ್ಚಾಗಿದೆ, ಬಿಚ್ಚಿ ಮತ್ತೆ ಕಟ್ಟಬೇಕು.